ಹಾರ್ಬಿನ್‌ಗೆ ಹೋದ 59 ಮಂದಿ, ಬಾರದ ಪದಕ ಮತ್ತು ನಮ್ಮ ಬೆಳಗಾವಿಯ ಗಾಲಿಗಳು

ಟಿಳಕವಾಡಿ ಅಪ್ಪ

2026ರ ಫೆಬ್ರವರಿ 6ಕ್ಕೆ ಇಟಲಿಯ ಮಿಲಾನೊ-ಕೊರ್ಟಿನಾದಲ್ಲಿ ಚಳಿಗಾಲದ ಒಲಿಂಪಿಕ್ಸ್ ಶುರು. ಅದು ಬರುವ ಮೊದಲೇ ಇದನ್ನು ಬರೆದುಬಿಡಬೇಕು ಅಂತ ಕೂತಿದ್ದೇನೆ. ಹೋದ ಫೆಬ್ರವರಿಯಿಂದ ಒಂದು ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿದೆ.

ಚೀನಾದ ಹಾರ್ಬಿನ್‌ನಲ್ಲಿ 2025ರ ಫೆಬ್ರವರಿ 7ರಿಂದ 14ರವರೆಗೆ ಏಷ್ಯನ್ ಚಳಿಗಾಲದ ಕ್ರೀಡಾಕೂಟ ನಡೆಯಿತು. ಭಾರತದಿಂದ 59 ಕ್ರೀಡಾಪಟುಗಳು ಹೋಗಿದ್ದರು, ಅಧಿಕಾರಿಗಳು ಸೇರಿ 88 ಜನ. ಚೀನಾಕ್ಕೆ 32 ಚಿನ್ನ, ದಕ್ಷಿಣ ಕೊರಿಯಾಕ್ಕೆ 16, ಜಪಾನ್‌ಗೆ 10. ನಮಗೆ ಒಂದು ಕಂಚೂ ಇಲ್ಲ. ಮರುದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ಒಬ್ಬರು ಪೇಪರ್ ಮಡಚುತ್ತ, "59 ಮಂದಿ ಬರ್ಫ ನೋಡಾಕ ಹೋಗಿದ್ರೇನು?" ಅಂದರು. ಸುತ್ತ ಇದ್ದವರು ನಕ್ಕರು. ನನ್ನ ಮಗಳು ಸ್ಕೇಟ್ಸ್ ಚೀಲ ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಅವಳು ನಗಲಿಲ್ಲ. ಗಾಡಿ ಹತ್ತಿದ ಮೇಲೆ, "ಅಪ್ಪಾ, ಅವರಿಗೆ ಪ್ರಾಕ್ಟೀಸ್ ಮಾಡಾಕ ಐಸ್ ಎಲ್ಲೈತಿ?" ಅಂತ ಕೇಳಿದಳು.

ಅವಳಿಗೆ 13. ಆರು ವರ್ಷದಿಂದ ಬೆಳಗಾವಿಯಲ್ಲಿ ರೋಲರ್ ಸ್ಕೇಟಿಂಗ್ ಮಾಡುತ್ತಾಳೆ. ಬೆಳಗಿನ ಐದೂವರೆಗೆ ರಿಂಕ್‌ಗೆ ಹೋದರೆ ಇಂಥ ಹತ್ತಾರು ಮಕ್ಕಳು ಸಿಗುತ್ತಾರೆ. ಹದಿನೈದು ದಿನಕ್ಕೊಮ್ಮೆ ಎಂಟೂ ಗಾಲಿ ಬಿಚ್ಚಿ, 16 ಬೇರಿಂಗ್‌ಗಳನ್ನು ಪೆಟ್ರೋಲ್‌ನಲ್ಲಿ ತೊಳೆದು, ಹಳೇ ಬನಿಯನ್ ಮೇಲೆ ಹರವಿ ಒಣಗಿಸುವುದು ನನ್ನ ಕೆಲಸ. ಪ್ರತಿ ಗಾಲಿಯೂ ಒಳಬದಿಗೆ ಸವೆದಿರುತ್ತದೆ, ಏಕೆಂದರೆ ಕಾಲು ತಳ್ಳುವುದು ಆ ಅಂಚಿನಿಂದಲೇ. ಐಸ್ ಮೇಲೆ ಓಡುವವರೂ ತಳ್ಳುವುದು ಬ್ಲೇಡಿನ ಒಳ ಅಂಚಿನಿಂದ.

ಚಕ್ರದಿಂದ ಐಸ್‌ಗೆ ಹೋಗುವ ದಾರಿ ಕಟ್ಟುಕಥೆಯಲ್ಲ. ಅಮೆರಿಕದ ಎರಿನ್ ಜಾಕ್ಸನ್ ಫ್ಲಾರಿಡಾದವರು. ನಮ್ಮ ಹಾಗೆ ಬೆವರುವ ಊರು. ಇನ್‌ಲೈನ್ ಸ್ಕೇಟಿಂಗ್‌ನಲ್ಲಿ ಬೆಳೆದು ತಡವಾಗಿ ಐಸ್‌ಗೆ ಕಾಲಿಟ್ಟು, 2022ರ ಬೀಜಿಂಗ್‌ನಲ್ಲಿ 500 ಮೀಟರ್ ಸ್ಪೀಡ್ ಸ್ಕೇಟಿಂಗ್ ಚಿನ್ನ ಗೆದ್ದರು. ಅದೇ ಕೂಟದಲ್ಲಿ ಮಾಸ್ ಸ್ಟಾರ್ಟ್ (ಎಲ್ಲರೂ ಒಟ್ಟಿಗೇ ಓಡುವ ಸ್ಪರ್ಧೆ) ಚಿನ್ನ ಗೆದ್ದ ಬೆಲ್ಜಿಯಂನ ಬಾರ್ಟ್ ಸ್ವಿಂಗ್ಸ್ ಕೂಡ ಗಾಲಿಗಳ ಮೇಲೆ ಹೆಸರು ಮಾಡಿದವರೇ. ನಮ್ಮವರೇ ಆದ ಶಿವ ಕೇಶವನ್ ಅವರನ್ನೇ ನೋಡಿ. ಮನಾಲಿ ಕಡೆಯ ಡಾಂಬರು ರಸ್ತೆಯಲ್ಲಿ ಲೂಜ್ ಗಾಡಿಗೆ (ಅಂಗಾತ ಮಲಗಿ ಐಸ್ ದಾರಿಯಲ್ಲಿ ಜಾರುವ ಗಾಡಿ) ಚಕ್ರ ಹಾಕಿಕೊಂಡು, ಲಾರಿ, ಕುರಿಹಿಂಡುಗಳ ನಡುವೆ ಜಾರಿ ಅಭ್ಯಾಸ ಮಾಡಿದರು. 1998ರಲ್ಲಿ ನಾಗಾನೊಗೆ ಹೋದಾಗ ಅವರಿಗೆ 16 ವರ್ಷ. ಆರು ಒಲಿಂಪಿಕ್ಸ್ ಆಡಿದರು.

ಹಾಗಿರುವಾಗ ಹಾರ್ಬಿನ್‌ಗೆ ಹೋದವರನ್ನು ನೋಡಿ ನಗುವುದು ಅನ್ಯಾಯ. 2025ರ ಸೆಪ್ಟೆಂಬರ್‌ನಲ್ಲಿ ಚೆನ್ನೈನ ಆನಂದಕುಮಾರ್ ವೇಲ್‌ಕುಮಾರ್ ರೋಲರ್ ಸ್ಪೀಡ್ ಸ್ಕೇಟಿಂಗ್‌ನ 1000 ಮೀಟರ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಭಾರತಕ್ಕೆ ಅದು ಮೊದಲು. ಕಾಲು ನಮ್ಮಲ್ಲಿವೆ. ಇಲ್ಲದ್ದು ಐಸ್. ನಿಮ್ಮೆಲ್ಲರ ಅಭಿಪ್ರಾಯ ಬೇಕು.

ಮುಧೋಳ ಮೇಷ್ಟ್ರು

ನಿಮ್ಮ ಮಗಳಿಗೆ ಶುಭವಾಗಲಿ. ಆದರೆ ನನಗೆ ಒಪ್ಪಿಗೆಯಿಲ್ಲದ್ದನ್ನು ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ನಮ್ಮ ಸಾಲಿ ಮೈದಾನದಲ್ಲಿ 200 ಮೀಟರ್ ಟ್ರ್ಯಾಕಿಗೆ ಸುಣ್ಣದ ಗೆರೆ ಎಳೆದರೆ ಒಂದು ತಿರುವು ಬೇವಿನ ಗಿಡಕ್ಕೆ ಬಡಿಯುತ್ತದೆ. ಏಪ್ರಿಲ್‌ನಲ್ಲಿ ಬಿಸಿಲು 40 ದಾಟಿದಾಗ ಮಕ್ಕಳಿಗೆ ಕುಡಿಯುವ ನೀರೇ ಚಿಂತೆ. ಇಂಥ ಕಡೆ ಕರೆಂಟು ಸುಟ್ಟು ನೀರು ಹೆಪ್ಪುಗಟ್ಟಿಸುವ ಆಟಕ್ಕೆ ರೊಕ್ಕ ಯಾಕೆ? ಕುಸ್ತಿ ಇದೆ, ಕಬಡ್ಡಿ ಇದೆ, ಸೈಕಲ್ ಇದೆ. ಬೆಳೆಯುವ ನೆಲದಲ್ಲಿ ಬಿತ್ತಬೇಕು.

ಅಥಣಿ ಹುಡುಗ

ಸರ್, ಬಿಸಿ ದೇಶ ಅಂತ ಬಿಟ್ಟಬಿಡೋದಾದ್ರ ಫಿಲಿಪ್ಪೀನ್ಸ್ ಹೆಂಗ ಗೆದ್ದತ್ರಿ? ಅದ ಹಾರ್ಬಿನ್‌ನ್ಯಾಗ ಗಂಡಸರ ಕರ್ಲಿಂಗ್ (ಐಸ್ ಮ್ಯಾಲ ಕಲ್ಲು ಜಾರಿಸೋ ಆಟ) ಫೈನಲ್‌ದಾಗ ದಕ್ಷಿಣ ಕೊರಿಯಾನ 5-3ರಿಂದ ಸೋಲಿಸಿ ಚಿನ್ನ ಒಯ್ದರು. ಅವರ ದೇಶದಾಗ ಎಲ್ಲೈತ್ರಿ ಹಿಮ?

ಮುಧೋಳ ಮೇಷ್ಟ್ರು

ತಮ್ಮಾ, ಆ ತಂಡದಲ್ಲಿ ಹೆಚ್ಚಿನವರು ಸ್ವಿಟ್ಜರ್ಲೆಂಡಿನಲ್ಲಿ ಬೆಳೆದವರು. ತಾಯಿಯ ಕಡೆಯಿಂದ ಫಿಲಿಪ್ಪೀನ್ಸ್, ಆಟ ಕಲಿತದ್ದು ಆಲ್ಪ್ಸ್ ಕೆಳಗೆ. ಅದು ಅವರ ಸಾಧನೆಯೇ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ನೋಡಿ ಮುಧೋಳದ ಮಗು ಕಲಿಯುವುದೇನು?

ಬೈಲಹೊಂಗಲ ಫೌಜಿ

ಮೇಷ್ಟ್ರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ.

ನಾ ಬೈಲಹೊಂಗಲ ತಾಲ್ಲೂಕಿನ ಹಳ್ಳಿಯಾಂವ. 22 ವರ್ಷ ಫೌಜಿನ್ಯಾಗ ಇದ್ದು ಬಂದೀನಿ. ಬೆಳಗಾವಿಗೆ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್‌ಗೆ ಭರ್ತಿ ಆದಾಗ ನಾ ನೋಡಿದ್ದ ಬಿಳೀ ನೆಲ ಅಂದ್ರ ಹತ್ತಿ ಹೊಲ ಒಂದ. ಆಮ್ಯಾಲ ಗುಲ್ಮಾರ್ಗ್‌ಗೆ ಸ್ಕೀ ಕೋರ್ಸ್‌ಗೆ ಕಳಿಸಿದರು. ಅಲ್ಲಿ ಸೈನ್ಯದ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಐತಿ. ಎತ್ತರ ಸುಮಾರು 2650 ಮೀಟರ್. ಮೊದಲನೇ ದಿನ ಕಾಲಿಗೆ ಎರಡು ಪಟ್ಟಿ ಕಟ್ಟಿ ನಿಂದ್ರಿಸಿದರ, ಎತ್ತು ಕೆಸರಾಗ ಸಿಕ್ಕಂಗ ಆಗಿತ್ತು. ಏರು ಹತ್ತೋ ಮುಂದ ಪಾದ ಹೊರಗ ತಿರುವಿ ಇಡಬೇಕು, ಹಿಂದ ನೋಡಿದ್ರ ಹಿಮದಾಗ ಮೀನಿನ ಮುಳ್ಳಿನಂಥ ಗುರುತು ಬಿದ್ದಿರತೈತಿ. ಮೂರನೇ ವಾರಕ್ಕ ಇಳಿಜಾರು ಬಿಟ್ಟರ ಬೀಳಲಾರದ ಇಳಿಯಾಕ ಹತ್ತಿದೆ. 23ನೇ ವಯಸ್ಸಿಗೆ ಕಲಿತ ಬಯಲುಸೀಮಿ ಮನಷ್ಯಾ ನಾನು.

ಖರೇ ಹೇಳಬೇಕಂದ್ರ, 23ಕ್ಕ ಕಲಿತಾಂವ ಸೈನಿಕ ಆಗತಾನ, ಒಲಿಂಪಿಕ್ ಪದಕ ತರೂದಿಲ್ಲ. ನಾರ್ವೆದಾಗ ನಡಿಯಾಕ ಕಲಿತ ಕೂಸಿಗೆ ಸ್ಕೀ ಕಟ್ಟತಾರ. ನಮ್ಮ ಸೈನ್ಯದ ಜಗದೀಶ್ ಸಿಂಗ್ 2018ರಾಗ ಪ್ಯೊಂಗ್‌ಚಾಂಗ್‌ನ್ಯಾಗ 15 ಕಿಲೊಮೀಟರ್ ಕ್ರಾಸ್ ಕಂಟ್ರಿ ಓಡಿ 103ನೇದವರಾಗಿ ಮುಗಿಸಿದರು. ಪೇಪರಿನ್ಯಾಗ ಓದಿದವರಿಗೆ ಅದು ಬರೇ ನಂಬರ್. ಹಿಮದ ಮ್ಯಾಲ ಬರೇ 5 ಕಿಲೊಮೀಟರ್ ಹೋದವರಿಗೆ ಗೊತ್ತು, ಎದಿ ಒಳಗ ಬೆಂಕಿ ಹತ್ತಿರತೈತಿ, ಮೀಸಿ ಮ್ಯಾಲ ಉಸಿರು ಗಡ್ಡೆ ಕಟ್ಟಿರತೈತಿ. ಅದೂ ಅಲ್ಲದ ಸ್ಕೀ ಕೆಳಗ ಹಚ್ಚೋ ಮೇಣ! ಕ್ಲಾಸಿಕ್ ಶೈಲಿಗೆ ಪಾದದ ಕೆಳಗ ಹಿಡಿತಕ್ಕ ಒಂದು ಮೇಣ, ಮುಂದ ಹಿಂದ ಜಾರಾಕ ಇನ್ನೊಂದು. ಹಿಮದ ಉಷ್ಣತಾ ಎರಡು ಡಿಗ್ರಿ ಬದಲಾದ್ರ ಮೇಣ ಬದಲಾಗತೈತಿ. ತಪ್ಪಿದ್ರ ಒಂದೋ ಹಿಮ ಅಂಟಿ ಸ್ಕೀ ಎತ್ತಾಕ ಬರೂದಿಲ್ಲ, ಇಲ್ಲಾಂದ್ರ ಏರಿನ್ಯಾಗ ಹಿಂದಕ್ಕ ಜಾರತೀರಿ. ದೊಡ್ಡ ದೇಶಗಳು ಮೇಣಕ್ಕಂತನ ಒಂದು ಲಾರಿ ಭರ್ತಿ ಸಾಮಾನು, ಜನ ತರತಾರ.

ನಮ್ಮ ರಾಜ್ಯದ ಹುಡುಗಿ ಒಬ್ಬಾಕಿನ್ನ ಮರೀಬ್ಯಾಡ್ರಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ. 2024ರಾಗ ಗುಲ್ಮಾರ್ಗ್‌ನ ಖೇಲೋ ಇಂಡಿಯಾದಾಗ ಕ್ರಾಸ್ ಕಂಟ್ರಿ ಚಿನ್ನ ಗೆದ್ದಾಕಿ, ಹಾರ್ಬಿನ್‌ಗೂ ಹೋಗಿದ್ದಾಕಿ. ಕೊಡಗಿನ್ಯಾಗ ಮಳಿ ಬೀಳತೈತಿ, ಹಿಮ ಬೀಳೂದಿಲ್ಲ.

ಅಥಣಿ ಹುಡುಗ

ಫೌಜಿ ಕಾಕಾ, ಭವಾನಿ ಅವರ ಹೆಸರು ಇವತ್ತ ಕೇಳಿದೆ. ನಾಚಿಕಿ ಆತು.

ವಿಜಯಪುರ ಸೈಕಲ್

ಎಲ್ಲಾರೂ ಗಾಲಿ ಗಾಲಿ ಅನ್ನಾಕತ್ತೀರಿ, ಸೈಕಲ್ ಗಾಲಿ ಯಾರೂ ಎತ್ತವಲ್ರಿ.

ನಾನು ಸಣ್ಣವನಿದ್ದಾಗಿಂದ ಸೈಕಲ್ ಹೊಡದಾಂವ, ಈಗ ಹುಡುಗೂರಿಗೆ ಹೇಳಿಕೊಡತೀನಿ. ವಿಜಯಪುರ, ಬಾಗಲಕೋಟೆ, ಜಮಖಂಡಿ ಅಂದ್ರ ದೇಶದ ಸೈಕ್ಲಿಂಗ್‌ಗೆ ತವರುಮನಿ ಇದ್ದಂಗ. ನ್ಯಾಷನಲ್ಸ್‌ನ್ಯಾಗ ಕರ್ನಾಟಕ ಅಂತ ನಿಂತವರೊಳಗ ನಮ್ಮ ಈ ಮೂರು ಊರ ಕಡೆಯವರ ಜಾಸ್ತಿ. ನಸುಕಿನ್ಯಾಗ ಸೊಲ್ಲಾಪುರ ರಸ್ತಾಕ್ಕ ಬಂದು ನೋಡ್ರಿ, ಕಬ್ಬಿನ ಟ್ರ್ಯಾಕ್ಟರ್ ಹಿಂದ ಗಾಳಿ ತಪ್ಪಿಸಿಕೊಂಡು ಸಾಲಾಗಿ ಹೋಗಾಕತ್ತಿರತಾರ.

ಸ್ಪೀಡ್ ಸ್ಕೇಟಿಂಗ್ ಮತ್ತ ಸೈಕಲ್ ಅಣ್ಣ ತಮ್ಮ ಇದ್ದಂಗ. ಸ್ಕೇಟರ್ ಮೊಣಕಾಲು ಮಡಚಿ, ಬೆನ್ನು ನೆಲಕ್ಕ ಸಮ ಮಾಡಿ ಕುಂತಂಗ ಓಡತಾನ. ಕೆಲಸ ಮಾಡೋದು ತೊಡಿ ಮತ್ತ ಕುಂಡಿ ಸ್ನಾಯು. ಪೆಡಲ್ ತುಳಿಯೋದೂ ಅದ. ಎರಿಕ್ ಹೈಡನ್ ಅಂತ ಅಮೆರಿಕದಾಂವ, 1980ರ ಲೇಕ್ ಪ್ಲಾಸಿಡ್‌ನ್ಯಾಗ 500 ಮೀಟರ್‌ನಿಂದ 10,000 ಮೀಟರ್‌ತನಕ ಐದಕ್ಕ ಐದೂ ಚಿನ್ನ ಹೊಡದ. ಆಮ್ಯಾಲ ಸೈಕಲ್ ಹತ್ತಿ 1986ರಾಗ ಟೂರ್ ಡಿ ಫ್ರಾನ್ಸ್ ಓಡಿದ. ಪೂರ್ವ ಜರ್ಮನಿಯ ಕ್ರಿಸ್ಟಾ ರೋಥೆನ್‌ಬರ್ಗರ್ 1988ರಾಗ ಕ್ಯಾಲ್ಗರಿಯೊಳಗ ಸ್ಕೇಟಿಂಗ್ ಚಿನ್ನ, ಅದೇ ವರ್ಷ ಸೋಲ್‌ನ್ಯಾಗ ಸೈಕ್ಲಿಂಗ್ ಸ್ಪ್ರಿಂಟ್ ಬೆಳ್ಳಿ. ಕೆನಡಾದ ಕ್ಲಾರಾ ಹ್ಯೂಸ್ 1996ರಾಗ ಅಟ್ಲಾಂಟಾದಾಗ ಸೈಕಲ್ ಮ್ಯಾಲ ಎರಡು ಕಂಚು, 2006ರಾಗ ಟ್ಯೂರಿನ್‌ನ್ಯಾಗ 5000 ಮೀಟರ್ ಸ್ಕೇಟಿಂಗ್ ಚಿನ್ನ.

ಇದನ್ನ ನಾ ನಮ್ಮ ಹುಡುಗೂರಿಗೆ ಹೇಳಿದಾಗ ಒಬ್ಬಾಂವ ತನ್ನ ತೊಡಿ ತಾನ ಮುಟ್ಟಿ ನೋಡಿಕೊಂಡ! ತಿಕೋಟಾ ಕಡೆ ಹುಡುಗ. ಮನ್ಯಾಗ ದ್ರಾಕ್ಷಿ ಹೊಲ. ಅವನ ಕಾಲಿನ ಬಲ ನಾ 20 ವರ್ಷದಾಗ ಇನ್ನೊಬ್ಬಾಂವನೊಳಗ ಕಂಡಿಲ್ಲ.

ಮೇಷ್ಟ್ರ, ನೀವಂದಂಗ ಬೆಳೆಯೋ ನೆಲದಾಗ ಬಿತ್ತೋಣು. ಆದ್ರ ಬೀಜ ಯಾವ ಆಟದ್ದು ಅಂತ ನಾವ ಮೊದಲ ನಿರ್ಧಾರ ಮಾಡೋದು ಬ್ಯಾಡ.

ನವನಗರ ಅಮ್ಮ

ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ನೀವೆಲ್ಲ ಚಳಿಗಾಲದ ಆಟದಲ್ಲಿ ಭಾರತಕ್ಕೆ ಪದಕ ಇಲ್ಲ, ಇಲ್ಲ ಅನ್ನುತ್ತಿದ್ದೀರಿ. ಹಾರ್ಬಿನ್ ಮುಗಿದು ಒಂದು ತಿಂಗಳೂ ಆಗಿರಲಿಲ್ಲ, ಇಟಲಿಯ ಟ್ಯೂರಿನ್‌ನಲ್ಲಿ ಮಾರ್ಚ್ 8ರಿಂದ 15ರವರೆಗೆ ಬುದ್ಧಿಯ ಬೆಳವಣಿಗೆ ನಿಧಾನವಿರುವವರ ಸ್ಪೆಷಲ್ ಒಲಿಂಪಿಕ್ಸ್ ವಿಶ್ವ ಚಳಿಗಾಲದ ಕೂಟ ನಡೆಯಿತು. ಅಲ್ಲಿಂದ ಭಾರತ 33 ಪದಕ ತಂದಿತು. 8 ಚಿನ್ನ, 18 ಬೆಳ್ಳಿ, 7 ಕಂಚು. ಹೋದವರು 30 ಕ್ರೀಡಾಪಟುಗಳು. ಈ ಚರ್ಚೆಯಲ್ಲಿ ಇಷ್ಟು ಹೊತ್ತಾದರೂ ಒಬ್ಬರಿಗೂ ಅವರ ನೆನಪಾಗಲಿಲ್ಲ ಅನ್ನುವುದು ನನಗೆ ನೋವು ಕೊಟ್ಟಿತು.

ನನ್ನ ಮಗನಿಗೆ 19 ವರ್ಷ. ಬುದ್ಧಿಯ ಬೆಳವಣಿಗೆ ನಿಧಾನ. ಸ್ನೋಶೂಯಿಂಗ್ ಅಂತ ಒಂದು ಆಟ ಇದೆ: ಅಗಲವಾದ ಬಲೆಯಂಥ ಪಾದುಕೆ ಕಟ್ಟಿಕೊಂಡು ಹಿಮದ ಮೇಲೆ ಓಡುವುದು. ಹಿಮ ಇಲ್ಲದ ಕಡೆ ಮರಳಿನ ಮೇಲೆ, ಹುಲ್ಲಿನ ಮೇಲೆ ಅಭ್ಯಾಸ ಮಾಡಬಹುದು. ಮೊಣಕಾಲು ಎತ್ತರಕ್ಕೆ ಎತ್ತಬೇಕು, ಪಾದ ಪೂರ್ತಿ ಊರಬೇಕು, ಇಲ್ಲದಿದ್ದರೆ ಒಂದು ಪಾದುಕೆ ಇನ್ನೊಂದನ್ನು ತುಳಿದು ಬೀಳುತ್ತಾರೆ. ಟ್ಯೂರಿನ್ ವಿಡಿಯೊ ನೋಡಿದ ಮೇಲೆ ನಾನು ಎರಡು ಹಳೇ ಬಿದಿರಿನ ಮೊರ ತೆಗೆದುಕೊಂಡು, ಹಗ್ಗ ಕಟ್ಟಿ, ಘಟಪ್ರಭಾ ದಂಡೆಯ ಮರಳಿಗೆ ಅವನನ್ನು ಕರೆದುಕೊಂಡು ಹೋದೆ. ಮೊದಲು ಹತ್ತು ಹೆಜ್ಜೆ. ಆಮೇಲೆ ದಡದ ಜಾಲಿಗಿಡದವರೆಗೆ. ಮೂರನೇ ಭಾನುವಾರ ಅವನು ಗಿಡ ಮುಟ್ಟಿ, ನಾನು ಕರೆಯದೆ ಇದ್ದರೂ ತಿರುಗಿ ಓಡಿ ಬಂದ. ಯಾವ ಕೆಲಸವನ್ನೂ ಅವನು ಹಾಗೆ ಎರಡನೇ ಸಲ ತಾನಾಗಿ ಮಾಡಿದವನಲ್ಲ. ಮೊರ ಹರಿದುಹೋಗಿತ್ತು. ಎಳ್ಳು ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಸಂಜೆಯೇ ಹೊಸ ಜೋಡಿ ಹೆಣೆದೆ.

ಖಾನಾಪುರ ಓದುಗ

ಅಕ್ಕಾ, ತಪ್ಪು ತಿಳಿಯಬೇಡಿ, ಗೊತ್ತಿಲ್ಲದೆ ಕೇಳುತ್ತಿದ್ದೇನೆ. ಅಲ್ಲಿ ಒಂದೊಂದು ಸ್ಪರ್ಧೆಯನ್ನೂ ಹಲವು ಗುಂಪು ಮಾಡಿ ಎಲ್ಲ ಗುಂಪಿಗೂ ಪದಕ ಕೊಡುತ್ತಾರಲ್ಲವೆ? ಅದನ್ನು ಹಾರ್ಬಿನ್ ಜೊತೆ ಹೋಲಿಸಬಹುದೆ?

ನವನಗರ ಅಮ್ಮ

ಹೋಲಿಸಿ ಅಂತ ನಾನು ಹೇಳಲಿಲ್ಲ, ನೆನೆಯಿರಿ ಅಂದೆ. ಗುಂಪು ಮಾಡುವುದು ನಿಜ. ಮೊದಲು ಪ್ರಾಥಮಿಕ ಸುತ್ತು ಓಡಿಸಿ, ಸಮಾನ ಸಾಮರ್ಥ್ಯದವರನ್ನು ಒಟ್ಟಿಗೆ ನಿಲ್ಲಿಸುತ್ತಾರೆ. ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಹಾಕುವುದಿಲ್ಲವೆ? 57 ಕೆ.ಜಿ.ಯವನ ಚಿನ್ನ 125 ಕೆ.ಜಿ.ಯವನದಕ್ಕಿಂತ ಕಡಿಮೆ ಅಂತ ಬೆಳಗಾವಿ ಜಿಲ್ಲೆಯ ಯಾವ ಗರಡಿಯಲ್ಲೂ ಹೇಳುವುದಿಲ್ಲ.

ಖಾನಾಪುರ ಓದುಗ

ತಿಳಿಯಿತು. ಕ್ಷಮಿಸಿ ಅಕ್ಕಾ. ನನ್ನ ಕಡೆಯಿಂದಲೂ ಒಂದು ಸೇರಿಸುತ್ತೇನೆ. ನಮ್ಮ ಮಹಿಳಾ ಐಸ್ ಹಾಕಿ ತಂಡ, ಬಹುಪಾಲು ಲಡಾಖ್‌ನ ಹುಡುಗಿಯರು, 2016ರಲ್ಲಿ ಮೊದಲ ಅಂತರರಾಷ್ಟ್ರೀಯ ಟೂರ್ನಿ ಆಡಿದಾಗ ಎಲ್ಲ ಪಂದ್ಯ ಸೋತರು. ಮರುವರ್ಷ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ವಿರುದ್ಧ 4-3ರಿಂದ ಮೊದಲ ಗೆಲುವು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ಏಷ್ಯಾ ಕಪ್ ಕಂಚು. ಮರುಭೂಮಿಯ ನಡುವಿನ ಊರಿನಲ್ಲಿ, ಛಾವಣಿಯ ಕೆಳಗಿನ ಐಸ್ ಮೇಲೆ! ಮೇಷ್ಟ್ರ 40 ಡಿಗ್ರಿಗೆ ಅಲ್ಲೊಂದು ಉತ್ತರ ಇದೆ.

ಮುಧೋಳ ಮೇಷ್ಟ್ರು

ಅಲ್ ಐನ್‌ನಲ್ಲಿ ಎಣ್ಣೆಯ ರೊಕ್ಕ ಇದೆ. ಡೆಹ್ರಾಡೂನ್‌ನ ಐಸ್ ರಿಂಕ್ ಕಥೆ ನಿಮಗೆ ಗೊತ್ತಿರಬೇಕು. 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕೂಟಕ್ಕೆ ಅಂತ ಕಟ್ಟಿದರು, ಆಮೇಲೆ ನಡೆಸುವ ಖರ್ಚು ತಾಳದೆ ವರ್ಷಗಟ್ಟಲೆ ಬಾಗಿಲು ಹಾಕಿತ್ತು. ನಾನು ಹೆದರುವುದು ಅದಕ್ಕೇ. ಕಟ್ಟುವುದು ಒಂದು ದಿನದ ಸುದ್ದಿ, ನಡೆಸುವುದು ದಿನದಿನದ ಬಿಲ್ಲು.

ನವನಗರದ ತಾಯಿಯವರೆ, ನಿಮ್ಮ ಮೊರದ ಮಾತು ಓದಿ ಸುಮ್ಮನೆ ಸ್ವಲ್ಪ ಹೊತ್ತು ಕೂತಿದ್ದೆ. ನಮ್ಮ ಸಾಲಿಯಲ್ಲೂ ಅಂಥ ಇಬ್ಬರು ಮಕ್ಕಳಿದ್ದಾರೆ. ಪಿ.ಟಿ. ಅವಧಿಯಲ್ಲಿ ಅವರನ್ನು ನಾನು ಗಿಡದ ಕೆಳಗೆ ಕೂರಿಸುತ್ತೇನೆ. ಆ ಪಾದುಕೆ ಹೆಣೆಯುವ ಬಗೆ ಒಂದು ಫೋಟೊ ಕಳಿಸುತ್ತೀರಾ?

ನವನಗರ ಅಮ್ಮ

ಇವತ್ತೇ ಕಳಿಸುತ್ತೇನೆ ಸರ್. ಹಗ್ಗ ಸೆಣಬಿನದೇ ಇರಲಿ, ನೈಲಾನ್ ಚರ್ಮ ಕೊರೆಯುತ್ತದೆ.

ಟಿಳಕವಾಡಿ ಅಪ್ಪ

ಮೇಷ್ಟ್ರೆ, ಡೆಹ್ರಾಡೂನ್ ಬಗ್ಗೆ ನೀವು ಹೇಳಿದ್ದು ಸರಿ. ಆ ರಿಂಕ್ 2025ರಲ್ಲಿ ಮತ್ತೆ ತೆರೆಯಿತು. ಆಗಸ್ಟ್‌ನಲ್ಲಿ ಅಲ್ಲೇ ಏಷ್ಯನ್ ಓಪನ್ ಶಾರ್ಟ್ ಟ್ರ್ಯಾಕ್ (ಐಸ್ ಮೇಲೆ ಚಿಕ್ಕ ಸುತ್ತಿನ ಸ್ಕೇಟಿಂಗ್ ಓಟ) ಕೂಟ ನಡೆಯಿತು. ಮುಚ್ಚಿದ್ದ ಅಷ್ಟೂ ವರ್ಷ ಬೆಳೆದ ಮಕ್ಕಳ ಬಾಲ್ಯ ಮಾತ್ರ ತಿರುಗಿ ಬರುವುದಿಲ್ಲ. ಹಾರ್ಬಿನ್‌ನ ಸೊನ್ನೆಯಲ್ಲಿ ಆ ವರ್ಷಗಳ ಪಾಲೂ ಇದೆ ಅನ್ನುವುದು ನನ್ನ ವಾದ. ಹಿಮದ್ದೂ ಅದೇ ಗತಿ. 2025ರಲ್ಲಿ ಗುಲ್ಮಾರ್ಗ್‌ನಲ್ಲೇ ಹಿಮ ಸಾಲದೆ ಖೇಲೋ ಇಂಡಿಯಾ ಕೂಟವನ್ನು ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಬೇಕಾಯಿತು.

ಐಸ್ ಮೇಲೆ ಮಗಳನ್ನು ಒಮ್ಮೆ ಕರೆದೊಯ್ದಿದ್ದೆ, ಆ ಅನುಭವ ಬರೆಯುತ್ತೇನೆ. ದಿಲ್ಲಿಗೆ ಮದುವೆಗೆ ಹೋದಾಗ ಗುರುಗ್ರಾಮದ ಮಾಲ್ ಒಳಗಿನ ರಿಂಕ್‌ಗೆ ಹೋದೆವು. ಬಾಡಿಗೆಯ ಬೂಟು. ರಾಜ್ಯ ಮಟ್ಟದಲ್ಲಿ ಓಡಿದ ಹುಡುಗಿ ಮೊದಲ ಹತ್ತು ನಿಮಿಷ ಕಟಾಂಜನ ಬಿಡಲಿಲ್ಲ. ಗಾಲಿಯ ಮೇಲೆ ನಿಲ್ಲಬೇಕಾದರೆ ಹಿಂದಿನ ಕಾಲನ್ನು ಅಡ್ಡ ಎಳೆದರೆ ಸಾಕು, ಗಾಲಿ ನೆಲ ಹಿಡಿಯುತ್ತದೆ. ಐಸ್ ಮೇಲೆ ಅವಳು ಹಾಗೆ ಮಾಡಿದಾಗ ಬ್ಲೇಡು ಜಾರಿಕೊಂಡೇ ಹೋಯಿತು. ಮೈಭಾರ ಹಾಕಿ ಎರಡೂ ಪಾದ ಒಟ್ಟಿಗೆ ಅಡ್ಡ ತಿರುಗಿಸಿ ಐಸ್ ಕೆರೆಯಬೇಕು. ಮೂರು ಸಲ ಬಿದ್ದಳು. ಮೂವತ್ತನೇ ನಿಮಿಷಕ್ಕೆ ತಿರುವಿನಲ್ಲಿ ಬಲಗಾಲನ್ನು ಎಡಗಾಲಿನ ಮೇಲಿಂದ ದಾಟಿಸಿದಳು, ಬೆಳಗಾವಿಯಲ್ಲಿ ದಿನಾ ಮಾಡುವ ಹಾಗೆಯೇ. ಬ್ಲೇಡಿನಿಂದ ಕರ್ರ್ ಅಂತ ಸಣ್ಣ ಶಬ್ದ ಬಂತು. ಆ ಶಬ್ದ ಕೇಳಿ ಅವಳೇ ನಿಂತು ಹಿಂತಿರುಗಿ ಗೆರೆ ನೋಡಿದಳು. ಒಂದು ಗಂಟೆ ಮುಗಿದು ಸೀಟಿ ಊದಿದಾಗ ಹೊರಗೆ ಬರಲು ಒಲ್ಲೆ ಅಂತ ಅತ್ತಳು.

ಶಾರ್ಟ್ ಟ್ರ್ಯಾಕ್ ಬೂಟಿನಲ್ಲಿ ಬ್ಲೇಡು ನಡುವಿಗೆ ಇರುವುದಿಲ್ಲ, ಎಡಕ್ಕೆ ಸರಿಸಿ ಕೂಡಿಸಿರುತ್ತಾರೆ, ಸ್ವಲ್ಪ ಬಾಗಿಸಿಯೂ ಇರುತ್ತಾರೆ. ಓಟ ಪೂರ್ತಿ ಎಡ ತಿರುವೇ, ಒಂದು ಸುತ್ತು 111.12 ಮೀಟರ್. ಎಡಗೈ ಬೆರಳ ತುದಿ ಐಸ್ ಮುಟ್ಟುವಷ್ಟು ವಾಲುತ್ತಾರೆ, ಅದಕ್ಕೆ ಕೈಗವಸಿನ ತುದಿಗೆ ಗಟ್ಟಿ ಟೊಪ್ಪಿಗೆ ಇರುತ್ತದೆ. ಇದೆಲ್ಲ ಗಾಲಿಯಲ್ಲಿ ಕಲಿಯಲು ಆಗದ್ದು. ಆದರೆ ವಾಲುವ ಧೈರ್ಯ, ಮಡಚಿದ ಮೊಣಕಾಲು, ಗುಂಪಿನಲ್ಲಿ ದಾರಿ ಹುಡುಕುವ ಕಣ್ಣು, ಇವು ಗಾಲಿಯಲ್ಲೇ ಬರುತ್ತವೆ. ಬೆಳಗಾವಿಗೆ ಐಸ್ ರಿಂಕ್ ಕಟ್ಟಿ ಅಂತ ನಾನು ಕೇಳುತ್ತಿಲ್ಲ. ಗಾಲಿಯಲ್ಲಿ ಚೆನ್ನಾಗಿರುವ ನಮ್ಮ ಮಕ್ಕಳನ್ನು ವರ್ಷಕ್ಕೆ ಎರಡು ತಿಂಗಳು ಡೆಹ್ರಾಡೂನ್‌ಗೋ ಲೇಹ್‌ಗೋ ಕಳಿಸುವ ವ್ಯವಸ್ಥೆ ಆಗಲಿ. 12ನೇ ವಯಸ್ಸಿಗೆ, 23ನೇ ವಯಸ್ಸಿಗಲ್ಲ.

ಬೈಲಹೊಂಗಲ ಫೌಜಿ

ಲೇಹ್‌ದಾಗ ಜನವರಿಗೆ ಕೆರಿನ ಗಡ್ಡೆ ಕಟ್ಟತೈತಿ, ಕರೆಂಟ್ ಬಿಲ್ ಇಲ್ಲ. ಎತ್ತರಕ್ಕ ಮೈ ಹೊಂದಾಕ ಮಾತ್ರ ಮಕ್ಕಳಿಗೆ ಮೊದಲನೇ ವಾರ ಓಡಸಬಾರದು. ನೀರು ಜಾಸ್ತಿ ಕುಡಸ್ರಿ.

ಅಥಣಿ ಹುಡುಗ

2014ರ ಸೋಚಿ ಉದ್ಘಾಟನಾದಾಗ ನಮ್ಮವರು ತ್ರಿವರ್ಣ ಬಿಟ್ಟು ಒಲಿಂಪಿಕ್ ಬಾವುಟದ ಕೆಳಗ ನಡದಿದ್ರಂತ, ಯಾಕ್ರಿ?

ಖಾನಾಪುರ ಓದುಗ

ಭಾರತ ಒಲಿಂಪಿಕ್ ಸಂಸ್ಥೆಯನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯವರು 2012ರ ಡಿಸೆಂಬರ್‌ನಲ್ಲಿ ಅಮಾನತು ಮಾಡಿದ್ದರು. ಕೂಟದ ನಡುವೆಯೇ, ಫೆಬ್ರವರಿ 11ಕ್ಕೆ ಅಮಾನತು ತೆಗೆದರು. ಸಮಾರೋಪಕ್ಕೆ ಹಿಮಾಂಶು ಠಾಕೂರ್ ತ್ರಿವರ್ಣ ಹಿಡಿದು ನಡೆದರು. ಶಿವ ಕೇಶವನ್ ಆಗಲೂ ಇದ್ದರು.

ವಿಜಯಪುರ ಸೈಕಲ್

ಟಿಳಕವಾಡಿ ಅಣ್ಣಾರ, ಒಂದು ಕೇಳತೀನಿ. ಬರೋ ರವಿವಾರ ನಮ್ಮ ನಾಕು ಹುಡುಗೂರನ್ನ ಕರಕೊಂಡು ಬೆಳಗಾವಿ ರಿಂಕ್‌ಗೆ ಬಂದ್ರ ಗಾಲಿ ಬೂಟು ಸಿಗತಾವೇನ್ರಿ? ತಿಕೋಟಾ ಹುಡುಗ ಎರಡು ದಿನದಿಂದ ಇದನ್ನ ಕೇಳಾಕತ್ತಾನ. ಬಿದ್ರೂ ಅಡ್ಡಿಲ್ಲ, ಒಮ್ಮೆ ನಿಂತು ನೋಡಲಿ.

ಟಿಳಕವಾಡಿ ಅಪ್ಪ

ಖಂಡಿತ ಬನ್ನಿ. ದೊಡ್ಡ ಹುಡುಗರ ಹಳೇ ಜೋಡಿಗಳಿವೆ, ಕೇಳಿ ಹೊಂದಿಸುತ್ತೇನೆ. ಹೆಲ್ಮೆಟ್ ನಿಮ್ಮ ಸೈಕಲಿನವೇ ತನ್ನಿ. ನಿಲ್ಲುವುದು ಹೇಗೆ ಅಂತ ಮಗಳು ಹೇಳಿಕೊಡುತ್ತಾಳಂತೆ. ಸೈಜ್ ಎಷ್ಟು?

ವಿಜಯಪುರ ಸೈಕಲ್

7, 8, 8, 9. ತಿಕೋಟಾ ಹುಡುಗನ್ದು 9, ಎಡಗಾಲು ಒಂಚೂರು ದೊಡ್ಡದೈತಿ, ಎರಡು ಜೋಡಿ ಸಾಕ್ಸ್ ತರತಾನ. ಶನಿವಾರ ರಾತ್ರಿ ಬಸ್ಸಿಗೆ ಬಿಡತೀವಿ, ಐದಕ್ಕ ಸ್ಟ್ಯಾಂಡಿನ್ಯಾಗ ಇರತೀವಿ.

ಮುಧೋಳ ಮೇಷ್ಟ್ರು

ಆ ಬಸ್ಸು ಮುಧೋಳದ ಮೇಲೆ ಬರುತ್ತದೆಯೆ? ಬಂದರೆ ನನಗೂ ಒಂದು ಸೀಟು ಹಿಡಿಯಿರಿ.